ಬೇಡ ಎನ್ನಲಾಗದ ಮೀನು

ಕೆರೆಯ ಮೀನೆಲ್ಲ ಬಾಯಿ ಮೇಲೆ ಮಾಡಿ ನಿಂತಿತ್ತು. ಮೂರು ದಿನದಿಂದ ಬಿಸಿಲಿಲ್ಲ, ಮಳೆಯಿಲ್ಲ, ಎಲೆ ಅಲ್ಲಾಡುವಷ್ಟು ಗಾಳಿಯೂ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಪಾಚಿಗಟ್ಟಿದ ಹಸಿರು ನೀರಿನ ಮೇಲೆ ನೂರಾರು ಬಾಯಿಗಳು ತೆರೆದು ಮುಚ್ಚುವ ಪುಚುಪುಚು ಸದ್ದು ಏರಿಯವರೆಗೂ ಕೇಳುತ್ತಿತ್ತು. ನನಗಾಗ ಹದಿನಾಲ್ಕು. ಬಲೆ ಬೇಡ, ಸಗಣಿ ಬುಟ್ಟಿ ಸಾಕಿತ್ತು ಬಾಚಲಿಕ್ಕೆ. ಬುಟ್ಟಿ ತರಲು ಓಡಿದವನನ್ನು ಚಿಕ್ಕಪ್ಪ ತೂಬಿನ ಹತ್ತಿರವೇ ತಡೆದ.

"ಇವತ್ತು ಬ್ಯಾಡ ಮಾರಾಯ. ಅದಕ್ಕೆ ಉಸಿರು ಕಟ್ಟಿದೆ."

ಸೊರಬದ ಸೀಮೆಯ ನಮ್ಮ ಆ ಕೆರೆಯಲ್ಲಿ ಬಿಡುವಾದಾಗಲೆಲ್ಲ ಗಾಳ ಹಾಕಿ ಕೂರುತ್ತಿದ್ದ ಮನುಷ್ಯ ಅವನು. ಮೀನಿನ ಸಾರಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಅಂಥವನು ಹೀಗಂದಾಗ ನನಗೆ ಬಂದದ್ದು ಗೌರವವಲ್ಲ, ಸಿಟ್ಟು.

ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರಾದೆ. ಆ ಬೆಳಗಿನ ಕಾರಣ ಗೊತ್ತಾಯಿತು. ನೀರಿನ ಪಾಚಿ ಹಗಲು ಬಿಸಿಲಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನಂತೆ ಉಸಿರಾಡಿ ಆಮ್ಲಜನಕವನ್ನು ತಾನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಕೆರೆಯ ಉಸಿರು ತೀರಾ ಕಡಿಮೆಯಾಗುವುದು ಸೂರ್ಯ ಹುಟ್ಟುವ ಮುಂಚೆ. ಸಾಲಾಗಿ ಮೋಡ ಕವಿದರೆ ಹಗಲಿನ ಗಳಿಕೆಯೇ ಇಲ್ಲ, ರಾತ್ರಿಯ ಖರ್ಚು ಮಾತ್ರ ಹಾಗೇ ಇರುತ್ತದೆ. ಸೆಕೆಗಾಲವಾದರೆ ಇನ್ನೂ ಕಷ್ಟ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ ಹಿಡಿಯುತ್ತದೆ. ತಮಾಷೆಯೆಂದರೆ ಅಂಥ ಬೆಳಗು ಗಾಳಕ್ಕೆ ಏನೂ ಸಿಗುವುದಿಲ್ಲ. ಉಸಿರಿಗೆ ಪರದಾಡುವ ಜೀವ ಎರೆಹುಳು ತಿನ್ನುತ್ತದೆಯೇ? ಬುಟ್ಟಿಗೆ ಮಾತ್ರ ಎಲ್ಲವೂ ಸಿಗುತ್ತವೆ.

ಚಿಕ್ಕಪ್ಪನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಬೇರೆ ಲೆಕ್ಕ ಗೊತ್ತಿತ್ತು. ಗಾಳಿ ಎತ್ತ ಬೀಸುತ್ತದೆಂದು ನೋಡಿ ಆ ದಡಕ್ಕೆ ಹೋಗಿ ಕೂರುತ್ತಿದ್ದ. ಮೇಲೆ ತೇಲುವ ಹುಳಹುಪ್ಪಟೆಯೆಲ್ಲ ಗಾಳಿಗೆ ಅಲ್ಲಿಗೇ ಬಂದು ಸೇರುತ್ತದೆ, ಅದರ ಹಿಂದೆ ಮೀನು. ಮೀನುಗಾರಿಕೆ ಇಲಾಖೆಯ ಮರಿ ತಂದು ಬಿಟ್ಟ ಮೇಲೆ ಕಾಟ್ಲಾಕ್ಕೆ ಬೆಂಡನ್ನು ಮೇಲಕ್ಕೆ ಕಟ್ಟುವುದು, ತಳ ಕೆದಕುವ ಮೃಗಾಲಿಗೆ ದಾರ ಉದ್ದ ಬಿಡುವುದು ಕಲಿತ. ನೀರು ಕೆಂಪಾದ ದಿನ ಕಣ್ಣಿಗೆ ಕಾಣುವ ಎರೆಗಿಂತ ವಾಸನೆಯ ಎರೆಯೇ ವಾಸಿ ಅನ್ನುತ್ತಿದ್ದ. ಇಷ್ಟೆಲ್ಲ ಮಾಡಿಯೂ ಮೀನು ಕಚ್ಚಿದರೆ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಋಣ ಇತ್ತು, ಬಂತು."

ಕಾಲೇಜಿನಿಂದ ರಜೆಗೆ ಬಂದವನು ಅವನ ಜೊತೆ ಜಗಳಕ್ಕೆ ನಿಂತೆ. ಋಣ ಎಲ್ಲಿಂದ ಬಂತು ಚಿಕ್ಕಪ್ಪ, ಗಾಳಿ ಈ ಕಡೆ ಬೀಸಿತು, ನೀನು ಈ ಕಡೆ ಕೂತೆ, ಅಷ್ಟೇ. ಅವನು ಬೀಡಿ ತುದಿಯಿಂದ ನೀರಿನ ಕಡೆ ತೋರಿಸಿದ. "ಗಾಳಿ ಈ ಕಡೆ ಬೀಸಿದ್ದು ಯಾರ ಋಣ?"

ಉತ್ತರ ಇರಲಿಲ್ಲ. ಆದರೂ ಆ ಪದ ನನಗೆ ಇವತ್ತಿಗೂ ಒಗ್ಗಿಲ್ಲ. ತಿಂದವನು ತಿನ್ನಿಸಿಕೊಂಡವನ ತಲೆಗೇ ಸಾಲ ಕಟ್ಟಿದ ಹಾಗೆ ಅದು. ಮಹಾಭಾರತದ ವನಪರ್ವದ ಧರ್ಮವ್ಯಾಧನಲ್ಲೂ ನನಗೆ ಒಂದು ತೊಡಕಿದೆ. ಮಿಥಿಲೆಯಲ್ಲಿ ಮಾಂಸ ಮಾರುವ ಆತ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಹೇಳುತ್ತಾನೆ: ನಾನು ಕೊಲ್ಲುವವನಲ್ಲ, ಬೇರೆಯವರು ಕೊಂದದ್ದನ್ನು ಮಾರುವವನು; ನೆಲ ಉಳುವವನ ನೇಗಿಲಿನಡಿಯೂ ಜೀವ ಸಾಯುತ್ತದೆ; ಹಿಂದಿನ ಕರ್ಮ ಇಲ್ಲಿಗೆ ತಂದಿದೆ. ಇದ್ದದ್ದನ್ನು ಇದ್ದಹಾಗೆ ಹೇಳುವ ಮಾತು, ತಕರಾರಿಲ್ಲ. ಆದರೆ ಅಲ್ಲಿಯ ಪ್ರಶ್ನೆ ಕೊಲ್ಲಬಹುದೋ ಬಾರದೋ ಎಂಬುದು. ಶೃಂಗೇರಿಯಲ್ಲಿ ಪ್ರಶ್ನೆ ಜಾಗದ್ದು: ಮಠದ ಮುಂದಿನ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ಆ ದಪ್ಪ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ, ಅವು ದೇವರ ಮೀನು. ಚಿಕ್ಕಪ್ಪ ಕೇಳುತ್ತಿದ್ದದ್ದು ಇವೆರಡೂ ಅಲ್ಲ. ಯಾವ ಹೊತ್ತಿನಲ್ಲಿ, ಎಂದು ಕೇಳುತ್ತಿದ್ದ.

ಹಾಗೆಂದು ಅವನೇನು ಸಾಧುವಲ್ಲ. ಬೇಸಿಗೆಯಲ್ಲಿ ಕೆರೆಬೇಟೆಯ ದಿನ ಹೆಗಲ ಮೇಲೆ ಮೀನು ಹಿಡಿಯುವ ಕೂಣಿ ಹೊತ್ತು ಎಲ್ಲರಿಗಿಂತ ಮೊದಲು ಕೆಸರಿಗಿಳಿಯುತ್ತಿದ್ದವನು. ಹೇಗೂ ಒಣಗುವ ಕೆರೆ, ಹದ್ದು ತಿನ್ನುವ ಬದಲು ನಾವು ತಿನ್ನೋಣ ಎಂಬ ನ್ಯಾಯ. ಮುಂಗಾರಿನ ಹತ್ತುಮೀನನ್ನಂತೂ ಬಿಡುತ್ತಲೇ ಇರಲಿಲ್ಲ. ಮೃಗಶಿರ, ಆರಿದ್ರಾ ಮಳೆಯ ರಾತ್ರಿ ಹೊಸನೀರಿನ ವಾಸನೆ ಹಿಡಿದು ಮೊಟ್ಟೆ ತುಂಬಿದ ಮೀನು ಕೋಡಿಹಳ್ಳದಿಂದ ಗದ್ದೆಯ ಕಡೆ ಏರುತ್ತದಲ್ಲ, ಆಗ ಟಾರ್ಚು ಹಿಡಿದು ಮಳೆಯಲ್ಲಿ ನಿಂತಿರುತ್ತಿದ್ದ. ಉಸಿರು ಕಟ್ಟಿದ್ದನ್ನು ಹಿಡಿಯಬಾರದು, ಬಸುರಿಯನ್ನು ಹಿಡಿಯಬಹುದೇ ಎಂದು ಒಮ್ಮೆ ಚುಚ್ಚಿ ಕೇಳಿದೆ. ಅವನು ನನ್ನನ್ನು ಕಾಲುವೆಗೆ ಕರೆದುಕೊಂಡು ಹೋಗಿ ತೋರಿಸಿದ. ಮೀನು ಬೀಳಲೆಂದು ಒಡ್ಡಿದ ಕೂಳಿ ಇದ್ದದ್ದು ಅರ್ಧ ಕಾಲುವೆಗೆ. ಇನ್ನರ್ಧದಲ್ಲಿ ನೀರು ಭೋರ್ಗರೆದು ಹೋಗುತ್ತಿತ್ತು. "ಆ ಕಡೆ ದಾರಿ ಬಿಟ್ಟಿದೀನಿ. ಬರೋದು ಬರ್ತದೆ, ಹೋಗೋದು ಹೋಗ್ತದೆ."

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಮೀನಿಗೆ ಒಲ್ಲೆ ಎನ್ನುವ ಅವಕಾಶ ಇರಬೇಕು, ಇದು ಅವನ ಲೆಕ್ಕ. ಗಾಳದ ಎರೆಯನ್ನು ಮೂಸಿ ತಿರುಗಿ ಹೋಗಬಹುದು. ಕೂಳಿಯ ಪಕ್ಕದಿಂದ ನುಗ್ಗಬಹುದು. ಬಾಯಿಬಿಟ್ಟು ನಿಂತ ಮೀನಿಗೆ ಆ ದಾರಿಯಿಲ್ಲ. ಕೆರೆಬೇಟೆಯ ಕೆಸರಿನ ಮೀನಿಗೂ ಇಲ್ಲ, ಅಲ್ಲಿ ಅವನ ಲೆಕ್ಕ ತಪ್ಪುತ್ತದೆ, ಹೇಳಿದ್ದರೆ ಬೈಯುತ್ತಿದ್ದ. ನಾವು ಮೀನಿಗೆ ಒಳ್ಳೆಯ ದಿನ ಎನ್ನುವುದು ಹೆಚ್ಚಿನಂಶ ಮೀನಿನ ಕೆಟ್ಟ ದಿನವೇ. ನನ್ನ ವಿಜ್ಞಾನ ಆ ದಿನ ಯಾವುದೆಂದು ಅವನಿಗಿಂತ ಚೆನ್ನಾಗಿ ಹೇಳುತ್ತದೆ. ಹೇಳಿ ಸುಮ್ಮನಾಗುತ್ತದೆ.

ಒಂದು ಮೀನಿನ ವಿಷಯ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಕುಚ್ಚು ಮೀನಿಗೆ ಮೋಡದ ಬೆಳಗಿನ ಹೆದರಿಕೆಯಿಲ್ಲ, ಅದು ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಆದರೆ ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕುಂಕುಮ ಚೆಲ್ಲಿದ ಹಾಗೆ ಸಾವಿರಾರು ಕೆಂಪು ಮರಿ ಗುಂಪಾಗಿ ಮೇಲೆ ತೇಲುತ್ತವೆ, ಕೆಳಗೆ ದೊಡ್ಡ ಮೀನು ಕಾವಲು ಕಾಯುತ್ತದೆ. ಆಗ ಅದಕ್ಕೆ ಹಸಿವಿರಲಿ ಬಿಡಲಿ, ಮರಿಗಳ ಹತ್ತಿರ ಏನು ಬಂದರೂ ಕಚ್ಚುತ್ತದೆ. ಇಪ್ಪತ್ತರ ಹರೆಯದಲ್ಲಿ ನಾನು ಸಣ್ಣ ಕಪ್ಪೆಯೊಂದನ್ನು ಗಾಳಕ್ಕೆ ಚುಚ್ಚಿ ಆ ಕೆಂಪಿನ ನಡುವೆ ಎಸೆದೆ. ಎರಡನೆಯ ಎಸೆತಕ್ಕೇ ಬಂತು, ಮೊಳಕೈ ಉದ್ದದ್ದು. ಒಲ್ಲೆ ಎನ್ನಬಹುದಿತ್ತು ಅದು. ಅಂದಿದ್ದರೆ ಮರಿ?

ಮನೆಯಲ್ಲಿ ಎಲ್ಲರೂ ಹೊಗಳಿದರು. ಎಲ್ಲಿ ಸಿಕ್ಕಿತೆಂದು ಚಿಕ್ಕಪ್ಪ ಕೇಳಿದ, ಹೇಳಿದೆ. ಊಟಕ್ಕೆ ಕೂತಾಗ ಚಿಕ್ಕಮ್ಮ ಅವನ ಬಟ್ಟಲಿಗೆ ದೊಡ್ಡ ತುಂಡನ್ನೇ ಹಾಕಿದಳು. ಅವನು ಅದನ್ನು ತೆಗೆದು ನನ್ನ ತಟ್ಟೆಗಿಟ್ಟು ಮಜ್ಜಿಗೆ ಕೇಳಿದ. ಮಾರನೆಯ ದಿನ ಕೆರೆಗೆ ಹೋದಾಗ ನೀರಿನ ಮೇಲೆ ಕೆಂಪು ಎಲ್ಲೂ ಕಾಣಲಿಲ್ಲ.