ಇಂದಿನ ಧಮ್ಮ ಚಿಂತನೆ: ಅಂಚೆ ಕಚೇರಿಯ ಗೋಡೆಯ ಮೇಲೊಂದು ಹೆಸರು



ಅಮೆರಿಕದಲ್ಲಿ ಅಂಚೆ ಕಚೇರಿಯ ಕಟ್ಟಡಕ್ಕೆ ಒಬ್ಬರ ಹೆಸರಿಡಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಇಷ್ಟಾದರೂ ಒಳಗೆ ಒಂದು ಚಿಕ್ಕ ಫಲಕ ಹಾಕುತ್ತಾರೆ, ಅಷ್ಟೆ. ವಿಳಾಸ ಹಳೆಯದೇ. 2005ರಲ್ಲಿ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಅಂಚೆ ಕಚೇರಿಗೆ ಹೀಗೆ ದಲೀಪ್ ಸಿಂಗ್ ಸೌಂಡ್ ಅವರ ಹೆಸರು ಬಂತು.

ಸೌಂಡ್ ಪಂಜಾಬಿನವರು. 1920ರಲ್ಲಿ ಓದಲು ಹೋದವರು ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಬೇಸಾಯ ಮಾಡಿ ಬದುಕಿದರು. ಭಾರತೀಯರಿಗೆ ಆಗ ಅಲ್ಲಿ ಪೌರತ್ವವೇ ಇರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರು ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಅವರ ವಾದವೇನು ಗೊತ್ತೇ? ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ! ಸಮುದ್ರ ದಾಟಿದರೂ ಜಾತಿಯ ಗಂಟನ್ನು ಇಳಿಸಿರಲಿಲ್ಲ. ಕೋರ್ಟು ಒಪ್ಪಲಿಲ್ಲ.

ಸೌಂಡ್ ಮತ್ತು ಸಂಗಡಿಗರು ಹಿಡಿದದ್ದು ಬೇರೆ ದಾರಿ. ಕಾನೂನನ್ನೇ ಬದಲಿಸಿ ಎಂದು ಕೇಳಿದರು. 1946ರಲ್ಲಿ ಅದು ಬದಲಾಯಿತು, 1949ರಲ್ಲಿ ಅವರು ಪೌರರಾದರು. 1950ರಲ್ಲಿ ಸ್ಥಳೀಯ ನ್ಯಾಯಾಧೀಶರ ಚುನಾವಣೆ ಗೆದ್ದರೂ, ಪೌರತ್ವ ಸಿಕ್ಕು ಒಂದು ವರ್ಷ ತುಂಬಿಲ್ಲವೆಂದು ಹುದ್ದೆ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ ಮರುತಿಂಗಳು, 1956ರ ನವೆಂಬರಿನಲ್ಲಿ, ಸೌಂಡ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಭಾರತೀಯ ಮೂಲದ ಮೊದಲ ಸದಸ್ಯ. ಜಾತಿಯ ವಿರುದ್ಧ ಹೋರಾಡಿದವರು ಎಂದು ನಾನು ಹೇಳುತ್ತಿಲ್ಲ. ತನಗೆ ಮುಚ್ಚಿದ್ದ ಬಾಗಿಲನ್ನು ಇತರರಿಗೂ ತೆರೆಸಿದವರು, ಅಷ್ಟು ಸಾಕು.

ನಮ್ಮ ಬಳಗದ ತಾಯಿಯೊಬ್ಬರು ಕೇಳಿದರು: ಹೆಸರಿಗೆ ಅಂಟಿಕೊಳ್ಳುವುದೂ ತಣ್ಹಾ ಅಲ್ಲವೇ? ನಿಜ. ನಾಗಸೇನ ಎಂಬುದು ಕರೆಯಲು ಇಟ್ಟ ಗುರುತು ಮಾತ್ರ, ಅದರೊಳಗೆ ಹುಡುಕಿದರೆ ವ್ಯಕ್ತಿಯೇ ಸಿಗುವುದಿಲ್ಲ ಎಂದು ಭಂತೆ ನಾಗಸೇನರು ಮಿಲಿಂದ ರಾಜನಿಗೆ ಹೇಳಿದ್ದರು. ಆದರೆ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಆ ರಾಜನ ಹೆಸರನ್ನೇ ಇಟ್ಟರು. ಅದರ ಆವರಣ ನಾಗಸೇನವನ. ಹೆಸರು ಬರೀ ಗುರುತು ಎಂದವರದೇ ಹೆಸರು! ಕೇಳಿದವನನ್ನೂ ಉತ್ತರಿಸಿದವರನ್ನೂ ಅಲ್ಲಿ ಓದುವ ಮಕ್ಕಳು ದಿನವೂ ನೆನೆಯುವಂತಾಯಿತು.

ಅದೇ ಊರಿನ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು 1978ರಲ್ಲಿ ವಿಧಾನಮಂಡಲ ನಿರ್ಣಯಿಸಿದಾಗ ನಮ್ಮವರ ಮನೆಗಳು ಸುಟ್ಟವು, ಜೀವಗಳು ಹೋದವು. ಹೆಸರು ಬಂದದ್ದು 1994ರಲ್ಲಿ. ಬರೀ ಗುರುತಾಗಿದ್ದರೆ ಅದನ್ನು ತಡೆಯಲು ಅಷ್ಟು ಬೆಂಕಿ ಏಕೆ ಬೇಕಾಯಿತು?

ನನ್ನ ಹೆಸರು ಗೋಡೆಯ ಮೇಲಿರಲಿ ಎಂದು ನಾನೇ ಹಂಬಲಿಸಿದರೆ ಅದು ತಣ್ಹಾ. ಸೌಂಡ್ ತೀರಿಕೊಂಡದ್ದು 1973ರಲ್ಲಿ, ಅವರಿಗೆ ಆ ಫಲಕದಿಂದ ಆಗಬೇಕಾದ್ದೇನೂ ಇಲ್ಲ. ಅದಿರುವುದು ಸ್ಟಾಂಪಿಗಾಗಿ ಸಾಲಿನಲ್ಲಿ ನಿಂತವರಿಗೆ. ನನಗಿರುವ ತಕರಾರು ಒಂದೇ: ಇಂಥ ಫಲಕಗಳಲ್ಲಿ ಹೆಸರು ಇರುತ್ತದೆ, 1950ರಲ್ಲಿ ಗೆದ್ದ ಹುದ್ದೆ ಕೈತಪ್ಪಿದಂಥ ಕಥೆ ಇರುವುದಿಲ್ಲ.

ನಮ್ಮಜ್ಜನಿಗೆ ಬರುತ್ತಿದ್ದ ಕಾರ್ಡುಗಳ ಮೇಲೆ ಅವರ ಹೆಸರಿನ ಕೆಳಗೆ ಕೇರಿಯ ಹೆಸರಿರುತ್ತಿತ್ತು. ಆ ಹೆಸರನ್ನು ಇಟ್ಟವರು ಕೇರಿಯವರಲ್ಲ. ಅಂಚೆಯವರು ಕೇರಿಯ ಹೊರಗೇ ನಿಂತು ಕೂಗುತ್ತಿದ್ದರಂತೆ, ಅಜ್ಜ ಅಲ್ಲಿಗೇ ಹೋಗಿ ಕಾರ್ಡು ತರುತ್ತಿದ್ದರು.

ಭವತು ಸಬ್ಬ ಮಂಗಲಂ. ಜೈಭೀಮ್.