ಶಕ್ತಿಗೆ ತಕ್ಕ ತಪ: ವೃದ್ಧಾಪ್ಯದಲ್ಲಿ ಉಪವಾಸವೂ ಪಾರಣೆಯೂ



ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ನಾವು ಪ್ರತಿವರ್ಷವೂ ಭಾದ್ರಪದ ಮಾಸದಲ್ಲಿ ಸ್ಮರಿಸಿ ಪೂಜಿಸುತ್ತೇವೆ. ಆ ಹದಿನಾರರಲ್ಲಿ ತ್ಯಾಗ ಮತ್ತು ತಪ ಎಂಬ ಎರಡಕ್ಕೆ ಮಾತ್ರ ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿ ಆಚಾರ್ಯರು ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿರುವರು. ಶಕ್ತಿ ಇದ್ದೂ ಅದನ್ನು ಬಚ್ಚಿಟ್ಟುಕೊಳ್ಳುವುದು ದೋಷ. ಶಕ್ತಿಯನ್ನು ಅರಿಯದೆ ಮುನ್ನುಗ್ಗುವುದೂ ದೋಷವೇ. ಮೊದಲನೆಯ ದೋಷವನ್ನು ಕುರಿತು ನಮ್ಮ ಪ್ರವಚನಗಳಲ್ಲಿ ಬಹಳ ಹೇಳಿದ್ದಾಗಿದೆ. ಎರಡನೆಯದನ್ನು ಕುರಿತು, ವಿಶೇಷವಾಗಿ ಅರುವತ್ತು ದಾಟಿದ ಶ್ರಾವಕ ಶ್ರಾವಿಕೆಯರನ್ನು ಕುರಿತು, ಇಂದು ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ನಮ್ಮ ಯರಗೇರಾ, ಮಾನ್ವಿ, ದೇವದುರ್ಗ ಸೀಮೆಯ ಮನೆಗಳಲ್ಲಿ ಒಂದು ಮಾತು ರೂಢಿಯಲ್ಲಿದೆ: ‘ಮುಪ್ಪಿನವರಿಗೆ ಏನು ಬೇಕು? ಒಂದು ಹಿಡಿ ಅನ್ನ, ಒಂದು ಸೌಟು ತಿಳಿಸಾರು ಸಾಕು.’ ವೃದ್ಧರೂ ಹಾಗೆಯೇ ತಿಳಿದಿರುತ್ತಾರೆ. ಹಲ್ಲು ಹೋಗಿದೆಯೆಂದು ಕಾಳು ಬಿಡುತ್ತಾರೆ. ವಾಯುವೆಂದು ಬೇಳೆ ಬಿಡುತ್ತಾರೆ. ರಸಪರಿತ್ಯಾಗವೆಂದು ಹಾಲು ಮೊಸರು ಬಿಡುತ್ತಾರೆ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಮಾತ್ರ ಮೂವತ್ತರ ಪ್ರಾಯದಲ್ಲಿ ಮಾಡುತ್ತಿದ್ದಂತೆಯೇ ಮಾಡುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ನೆಲದಿಂದ ಏಳಲು ಕೈಯಾಸರೆ ಬೇಕಾಗುತ್ತದೆ. ಬಸದಿಯ ಮೆಟ್ಟಿಲು ಏರಲಾಗದು; ಸಾಮಾಯಿಕಕ್ಕೆ ಕುಳಿತರೆ ಬೆನ್ನು ನಿಲ್ಲದು. ಒಂದು ದಿನ ಜಾರಿಬಿದ್ದು ಸೊಂಟದ ಎಲುಬು ಮುರಿದರೆ, ಆಮೇಲೆ ಶುದ್ಧ ಆಹಾರದ ನಿಯಮವೂ ರಾತ್ರಿಭೋಜನ ತ್ಯಾಗದ ನಿಯಮವೂ ಆಸ್ಪತ್ರೆಯ ಹಾಸಿಗೆಯಲ್ಲಿ ಕದಲಿಹೋಗುತ್ತವೆ. ವ್ರತಕ್ಕಾಗಿ ಅನ್ನ ಬಿಟ್ಟವರು ಕೊನೆಗೆ ವ್ರತವನ್ನೇ ಬಿಡಬೇಕಾಗಿ ಬರುವುದು ಎಂಥ ವಿಪರ್ಯಾಸ!

ಹೀಗೇಕೆ ಆಗುವುದೆಂಬುದನ್ನು ಆಗಮದ ಒಂದು ಶಬ್ದದಿಂದಲೇ ತಿಳಿಯಬಹುದು. ಜಡದ್ರವ್ಯಕ್ಕೆ ನಮ್ಮ ಆಚಾರ್ಯರು ‘ಪುದ್ಗಲ’ವೆಂದು ಹೆಸರಿಟ್ಟರು. ಪೂರಣ ಮತ್ತು ಗಲನ, ಎಂದರೆ ಕೂಡಿಕೊಳ್ಳುವುದು ಮತ್ತು ಕಳಚಿಕೊಳ್ಳುವುದು, ಇದರ ಸ್ವಭಾವ. ನಮ್ಮ ಔದಾರಿಕ ಶರೀರವೂ ಪುದ್ಗಲವೇ. ಇಂದಿನ ಶರೀರವಿಜ್ಞಾನ ಇದನ್ನೇ ತೂಕ ಮಾಡಿ ತೋರಿಸಿದೆ. ಬೆಳೆದ ಮನುಷ್ಯನ ದೇಹದಲ್ಲಿ ಪ್ರತಿದಿನ ಸುಮಾರು 250ರಿಂದ 300 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಒಡೆದು ಮತ್ತೆ ಕಟ್ಟಲ್ಪಡುತ್ತದೆ. ಒಡೆದುದರ ಬಹುಭಾಗ ಪುನಃ ಉಪಯೋಗವಾಗುತ್ತದೆ. ಸ್ವಲ್ಪ ಭಾಗ ಮೂತ್ರ ಮುಂತಾದವುಗಳ ಮೂಲಕ ಹೊರಹೋಗುತ್ತದೆ. ಆ ಹೋದದ್ದನ್ನು ಆಹಾರದಿಂದ ತುಂಬದಿದ್ದರೆ ಶರೀರವು ತನ್ನ ಮಾಂಸಖಂಡಗಳಿಂದಲೇ ಸಾಲ ತೆಗೆಯುತ್ತದೆ. ಯೌವನದಲ್ಲಿ ಈ ಸಾಲ ಬೇಗ ತೀರುವುದು. ವೃದ್ಧಾಪ್ಯದಲ್ಲಿ ಹಾಗಲ್ಲ. ಉಂಡ ಅನ್ನದಿಂದ ಸ್ನಾಯುವನ್ನು ಕಟ್ಟಿಕೊಳ್ಳುವ ಸಾಮರ್ಥ್ಯವೇ ವಯಸ್ಸಿನೊಡನೆ ಮಂದವಾಗುತ್ತದೆ. ಗಲನವು ಮುಂದಾಗುವುದು, ಪೂರಣವು ಹಿಂದಾಗುವುದು. ಈ ಸ್ನಾಯುಕ್ಷಯಕ್ಕೆ 1989ರಲ್ಲಿ ವೈದ್ಯವಿಜ್ಞಾನವು ‘ಸಾರ್ಕೋಪೀನಿಯಾ’ ಎಂಬ ಹೆಸರನ್ನು ಕೊಟ್ಟಿತು.

ಹಾಗಾದರೆ ಉಪವಾಸವು ಶರೀರಕ್ಕೆ ಹಾನಿಯೆ? ಅಲ್ಲ. ಗಲನಕ್ಕೂ ಒಂದು ಪ್ರಯೋಜನವಿದೆ. ಪ್ರತಿಯೊಂದು ಜೀವಕೋಶದಲ್ಲಿಯೂ ಸವೆದ, ಕೆಟ್ಟ ಪ್ರೋಟೀನುಗಳು ಸೇರಿಕೊಳ್ಳುತ್ತವೆ. ಆಹಾರದ ಒಳಹರಿವು ನಿಂತಾಗ ಜೀವಕೋಶವು ಆ ಕಸವನ್ನು ಒಂದು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ತನ್ನದೇ ಜೀರ್ಣಕೋಶಕ್ಕೆ ಒಯ್ದು ಕರಗಿಸಿ, ದೊರೆತ ದ್ರವ್ಯವನ್ನು ಮತ್ತೆ ಬಳಸಿಕೊಳ್ಳುತ್ತದೆ. ಇದಕ್ಕೆ ‘ಆಟೋಫೇಜಿ’, ಸ್ವಭಕ್ಷಣವೆಂದು ಹೆಸರು. 1963ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಈ ಹೆಸರನ್ನಿಟ್ಟರು. ಜಪಾನಿನ ಯೋಶಿನೋರಿ ಓಸುಮಿಯವರು ಯೀಸ್ಟ್ ಕೋಶಗಳನ್ನು ಆಹಾರವಿಲ್ಲದೆ ಇರಿಸಿ ಈ ಕ್ರಿಯೆಯ ಒಳಮರ್ಮವನ್ನು ಕಂಡುಹಿಡಿದರು. ಅದಕ್ಕಾಗಿ 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಸುದ್ದಿಯನ್ನು ಓದಿ ನಮ್ಮಲ್ಲಿ ಅನೇಕರು ‘ನೋಡಿ, ನಮ್ಮ ಉಪವಾಸವನ್ನು ವಿಜ್ಞಾನ ಒಪ್ಪಿತು’ ಎಂದು ಹರ್ಷಪಟ್ಟರು. ಹರ್ಷ ಸಹಜವೇ. ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ಮೊದಲನೆಯದು, ನಮ್ಮ ತಪವು ಕರ್ಮನಿರ್ಜರೆಗಾಗಿಯೇ ಹೊರತು ಜೀವಕೋಶದ ಕಸ ಗುಡಿಸುವುದಕ್ಕಾಗಿ ಅಲ್ಲ. ನೊಬೆಲ್ ಪಾರಿತೋಷಕ ಬಾರದಿದ್ದರೂ ಉಪವಾಸದ ಮಹಿಮೆ ಕುಂದುತ್ತಿರಲಿಲ್ಲ. ಎರಡನೆಯದು, ಕಸವನ್ನು ತೆಗೆದ ಮನೆಗೆ ಇಟ್ಟಿಗೆಯೂ ಬೇಕು. ಕರಗಿಸುವುದು ಉಪವಾಸದ ಕೆಲಸ, ಕಟ್ಟುವುದು ಪಾರಣೆಯ ಮತ್ತು ಉಣ್ಣುವ ದಿನಗಳ ಕೆಲಸ. ಉಣ್ಣುವ ದಿನದಲ್ಲಿಯೂ ತಿಳಿಸಾರನ್ನೇ ಉಂಡರೆ ಮನೆ ಕುಸಿಯದೆ ಇನ್ನೇನಾದೀತು?

ಈಗ ಲೆಕ್ಕವನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಉತ್ತಮ ಪ್ರೋಟೀನು ಬೇಕೆಂದು ನಿಗದಿ ಮಾಡಿತು. ಅರುವತ್ತೈದು ದಾಟಿದವರಿಗೆ 1.0ರಿಂದ 1.2 ಗ್ರಾಂ ಬೇಕೆಂಬುದು 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಸಮಿತಿಯ ಸಲಹೆ. ಅಂದರೆ 50 ಕೆ.ಜಿ. ತೂಕದ ವೃದ್ಧರಿಗೆ 50ರಿಂದ 60 ಗ್ರಾಂ. ಇದಕ್ಕಾಗಿ ಅಭಕ್ಷ್ಯದ ಕಡೆ ಕಣ್ಣೆತ್ತಿ ನೋಡಬೇಕಾಗಿಲ್ಲ. ನಮ್ಮ ಎರೆಹೊಲವೇ ಸಾಕು. ಮೂರು ರೊಟ್ಟಿಯ 150 ಗ್ರಾಂ ಜೋಳದಲ್ಲಿ ಸುಮಾರು 15 ಗ್ರಾಂ, 75 ಗ್ರಾಂ ಅಕ್ಕಿಯಲ್ಲಿ 6, 50 ಗ್ರಾಂ ತೊಗರಿಬೇಳೆಯಲ್ಲಿ 11, 30 ಗ್ರಾಂ ಹೆಸರುಬೇಳೆಯಲ್ಲಿ 7, 25 ಗ್ರಾಂ ಶೇಂಗಾದಲ್ಲಿ 6, ಕಾಲು ಲೀಟರು ಹಾಲಿನಲ್ಲಿ 8. ಒಟ್ಟು 53 ಗ್ರಾಂ ಆಯಿತು. ಇದರಲ್ಲಿ ಬೇಳೆ, ಶೇಂಗಾ, ಹಾಲುಗಳನ್ನು ತೆಗೆದು ನೋಡಿರಿ: ಉಳಿಯುವುದು 21 ಮಾತ್ರ! ಇನ್ನೊಂದು ಸಂಗತಿಯೂ ಉಂಟು. ಜೋಳ ಅಕ್ಕಿಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯೊಡನೆ ಝುಣಕ, ಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಹಿಂಡಿ ಎಂದು ನಮ್ಮ ಹಿರಿಯ ತಾಯಂದಿರು ಹಾಕಿಕೊಟ್ಟ ಪಂಕ್ತಿ ಎಷ್ಟು ವಿವೇಕದ್ದೆಂಬುದು ಇದರಿಂದ ತಿಳಿಯುವುದು.

ನಮ್ಮ ಆಚಾರಗಳಿಗೆ ಹೊಂದಿಸಿಕೊಳ್ಳುವ ಬಗೆಯನ್ನೂ ಹೇಳಬೇಕು. ಮೊಸರು ಮಜ್ಜಿಗೆಗಳನ್ನು ಬೇಳೆಕಾಳಿನೊಡನೆ ಸೇವಿಸಿದರೆ ದ್ವಿದಳ ದೋಷವೆಂದು ನಾವು ಬಿಡುತ್ತೇವಷ್ಟೆ. ಹಾಗಾದರೆ ಮಧ್ಯಾಹ್ನದ ಊಟದಲ್ಲಿ ಬೇಳೆ, ಸೂರ್ಯಾಸ್ತದ ಮುಂಚೆ ಕಾಯಿಸಿದ ಹಾಲು ಎಂದು ಹೊತ್ತನ್ನು ಹಂಚಿಕೊಳ್ಳಬಹುದು. ಚಳಿಗಾಲದಲ್ಲಿ ನಮ್ಮ ಸೀಮೆಯಲ್ಲಿ ಆರು ಗಂಟೆಯೊಳಗೆ ಸೂರ್ಯಾಸ್ತವಾಗುವುದರಿಂದ ರಾತ್ರಿಭೋಜನ ತ್ಯಾಗಿಗೆ ಬೆಳಗಿನವರೆಗೆ ಹದಿಮೂರು ಗಂಟೆಗಳ ನಿರಾಹಾರ ಪ್ರತಿದಿನವೂ ತಾನಾಗಿ ಒದಗುವುದು. ಆದುದರಿಂದ ಸಂಜೆಯ ಊಟವನ್ನು ವೃದ್ಧರು ಅಲಕ್ಷಿಸಬಾರದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದೆರಡನ್ನು ಬಿಡುವುದು ಶ್ರೇಷ್ಠ ತಪವೇ. ಆದರೆ ಹಾಲು ಮೊಸರುಗಳನ್ನೇ ಬಿಟ್ಟವರು ಬೇಳೆಯ ಅಳತೆಯನ್ನು ಹೆಚ್ಚಿಸತಕ್ಕದ್ದು. ಅಲ್ಲದೆ ಬಿ-12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ಹಾಲಿನ ಪದಾರ್ಥಗಳಿಂದಲೇ ದೊರೆಯುವುದರಿಂದ ವೈದ್ಯರನ್ನು ಕೇಳಿ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಹಲ್ಲಿಲ್ಲದವರಿಗೆ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಬಹುದು. ಮೂತ್ರಪಿಂಡದ ರೋಗವುಳ್ಳವರಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಅವರು ವೈದ್ಯರು ಹೇಳಿದ ಮಿತಿಯಲ್ಲಿಯೇ ಇರಬೇಕು. ಸಕ್ಕರೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ಉಪವಾಸದ ಸಂಕಲ್ಪಕ್ಕೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ಇನ್ನು ಉಪವಾಸದ ವಿಚಾರ. ಪ್ರೋಷಧೋಪವಾಸಕ್ಕೆ ಒಂದೇ ಅಳತೆ ಎಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ಹದಿನಾರು ಪ್ರಹರಗಳ ಚತುರ್ವಿಧಾಹಾರ ತ್ಯಾಗ ಉತ್ತಮ. ನೀರೊಂದನ್ನುಳಿದು ಮಿಕ್ಕೆಲ್ಲವನ್ನೂ ಬಿಡುವುದು ಮಧ್ಯಮ. ಏಕಭುಕ್ತ, ನೀರಸಾಹಾರ ಮುಂತಾದವು ಜಘನ್ಯ. ವಸುನಂದಿ ಶ್ರಾವಕಾಚಾರವು ಈ ಮೂರು ಮೆಟ್ಟಿಲುಗಳನ್ನು ಹೇಳಿದೆ. ಜಘನ್ಯವೆಂದರೆ ಹೀನವೆಂದಲ್ಲ, ಅದೂ ಪ್ರೋಷಧವೇ. ನಲವತ್ತು ಡಿಗ್ರಿ ದಾಟುವ ನಮ್ಮ ರಾಯಚೂರಿನ ಬೇಸಿಗೆಯಲ್ಲಿ, ಬಾಯಾರಿಕೆಯ ಅರಿವೇ ಕುಗ್ಗಿರುವ ಎಪ್ಪತ್ತರ ಶ್ರಾವಕನು ಮೇಲಿನ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಇಳಿದು ಕಾಯಿಸಿ ಆರಿಸಿದ ನೀರನ್ನು ಸ್ವೀಕರಿಸಿದರೆ ಅದು ಪತನವಲ್ಲ, ‘ಶಕ್ತಿತಃ’ ಎಂಬುದರ ಪಾಲನೆ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರ ಪಾರಣೆಯನ್ನಂತೂ ಹಬ್ಬದೂಟವಾಗಿಸಬಾರದು. ದೀರ್ಘ ಉಪವಾಸದ ನಂತರ ಒಮ್ಮೆಲೇ ಸಿಹಿಯನ್ನೂ ಅನ್ನವನ್ನೂ ತುಂಬಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳು ಹಠಾತ್ತನೆ ಕುಸಿದು ಹೃದಯಕ್ಕೆ ಅಪಾಯವಾಗುವುದುಂಟು. ಮೊದಲು ತೆಳುವಾದ ಹೆಸರುಕಟ್ಟು, ಅನಂತರ ಸ್ವಲ್ಪ ಸ್ವಲ್ಪವಾಗಿ ಗಟ್ಟಿ ಆಹಾರ, ಕೆಲವು ದಿನಗಳಲ್ಲಿ ಪೂರ್ಣ ಊಟ: ಇದು ಕ್ರಮ.

‘ಶರೀರವು ಪರವಸ್ತು, ಅದರ ಪೋಷಣೆಯ ಚಿಂತೆ ಮುಮುಕ್ಷುವಿಗೇಕೆ?’ ಎಂದು ಯಾರಾದರೂ ಕೇಳಬಹುದು. ಮೂಲಾಚಾರವನ್ನು ನೋಡಬೇಕು. ಸರ್ವಸಂಗ ಪರಿತ್ಯಾಗಿಯಾದ ಮುನಿಯೂ ಆರು ಕಾರಣಗಳಿಗಾಗಿ ಆಹಾರ ಸ್ವೀಕರಿಸಬೇಕೆಂದು ಅದು ಹೇಳುತ್ತದೆ: ಕ್ಷುಧಾವೇದನೆಯ ಶಮನ, ವೈಯಾವೃತ್ಯ, ಷಡಾವಶ್ಯಕ ಕ್ರಿಯೆ, ಸಂಯಮ, ಪ್ರಾಣಧಾರಣೆ, ಧರ್ಮ. ರುಚಿಗಾಗಿ ಅಲ್ಲ, ಮೈ ಬೆಳೆಸುವುದಕ್ಕಾಗಿಯೂ ಅಲ್ಲ. ಬಿಡುವುದಕ್ಕೂ ಆರು ಕಾರಣಗಳನ್ನು ಅದು ಎಣಿಸಿದೆ. ಉಣ್ಣುವುದಕ್ಕೆ ಕಾರಣ ಬೇಕಾದಂತೆ ಉಣ್ಣದಿರುವುದಕ್ಕೂ ಕಾರಣ ಬೇಕು. ಆಲಸ್ಯದಿಂದಾಗಲಿ, ಮನೆಯವರ ಮೇಲಿನ ಮುನಿಸಿನಿಂದಾಗಲಿ, ‘ಬೆಳಗಿನ ತಂಗಳು ಮುಗಿಯಲಿ’ ಎಂಬ ಉಳಿತಾಯದಿಂದಾಗಲಿ ಊಟ ಬಿಟ್ಟರೆ ಅದು ಅನಶನ ತಪವಾಗದು. ಕಾಯಬಲವು ದಶಪ್ರಾಣಗಳಲ್ಲೊಂದು, ಅದನ್ನು ಪ್ರಮಾದದಿಂದ ಘಾತಿಸುವುದು ತನ್ನ ಮೇಲೆ ತಾನೇ ಮಾಡಿಕೊಳ್ಳುವ ಹಿಂಸೆ.

ಸಲ್ಲೇಖನೆಯೂ ಈ ಮಾತಿಗೆ ಅಪವಾದವಲ್ಲ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನೆಯ ಬಳಿಕ 1955ರ ಸೆಪ್ಟೆಂಬರ್ 18ರಂದು ಸಮಾಧಿಯನ್ನು ಸಾಧಿಸಿದರು. ಅದನ್ನು ಅವರು ಸ್ವೀಕರಿಸಿದ್ದು ಎಂದು? ಎಂಬತ್ತು ದಾಟಿ, ಕಣ್ಣಿನ ದೃಷ್ಟಿ ಕುಂದಿ, ಜೀವರಕ್ಷಣೆಯ ಸಮಿತಿಗಳನ್ನು ಪಾಲಿಸುವುದು ಅಸಾಧ್ಯವಾಗುತ್ತ ಬಂದಾಗ. ಅಲ್ಲಿಯವರೆಗೆ ಘೋರ ತಪಗಳ ನಡುವೆಯೂ ಪಾರಣೆಯ ದಿನದಂದು ಅವರು ಚರ್ಯೆಗೆ ಹೊರಟರು, ಶ್ರಾವಕರ ಕೈಯಿಂದ ಆಹಾರ ಸ್ವೀಕರಿಸಿದರು. ಶರೀರವು ವ್ರತಕ್ಕೆ ನೆರವಾಗುವವರೆಗೆ ಅದನ್ನು ನಡೆಸಿಕೊಂಡು, ನೆರವಾಗದಾದಾಗ ಎಚ್ಚರದಿಂದ, ಗುರುಸಾಕ್ಷಿಯಾಗಿ ಬಿಡುವುದು ಸಲ್ಲೇಖನೆ. ಅರಿವಿಲ್ಲದೆ ವರ್ಷಗಟ್ಟಲೆ ಸೊರಗುವುದಕ್ಕೆ ಆ ಪವಿತ್ರ ಹೆಸರು ಸಲ್ಲದು.

ಕೊನೆಯದಾಗಿ ಮನೆಯ ಮಕ್ಕಳಿಗೂ ಸೊಸೆಯಂದಿರಿಗೂ ಒಂದು ಮಾತು. ವೈಯಾವೃತ್ಯವು ಅಂತರಂಗ ತಪಗಳಲ್ಲಿ ಸೇರಿದೆ. ಅಷ್ಟಮಿಯ ದಿನ ಅತ್ತೆ ಉಪವಾಸವಿದ್ದರೆ ನವಮಿಯ ದಿನ ಅವರ ತಟ್ಟೆಗೆ ಗಟ್ಟಿಬೇಳೆಯನ್ನು ಬಡಿಸುವ ಕೈ ಆ ತಪದಲ್ಲಿ ಪಾಲು ಪಡೆಯುತ್ತದೆ. ಸಾರಿನ ಪಾತ್ರೆಯಲ್ಲಿ ಮೇಲಿನ ತಿಳಿಯನ್ನು ಹಿರಿಯರಿಗೂ ಅಡಿಯ ಬೇಳೆಯನ್ನು ಉಳಿದವರಿಗೂ ಹಂಚುವುದನ್ನು ಬಿಡಿರಿ. ಮಾವನವರನ್ನು ದಿನಕ್ಕೆ ಎರಡು ಸಲ ಹೊರಗೆ ನಡೆಸಿರಿ; ಬಸದಿ ಹತ್ತಿರವಿದ್ದರೆ ಪ್ರದಕ್ಷಿಣೆ ಮಾಡಿಸಿರಿ; ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವಂತೆ ಹೇಳಿರಿ. ಏಕೆಂದರೆ ದುಡಿಯದ ಸ್ನಾಯುವಿಗೆ ಬೇಳೆಯೊಂದೇ ಬಲ ಕೊಡದು.

ಮುಂದಿನ ಪರ್ವದಲ್ಲಿ ವ್ರತದ ಸಂಕಲ್ಪ ಮಾಡುವ ಹಿರಿಯರು ‘ಎಷ್ಟು ಉಪವಾಸ ಮಾಡಲಿ?’ ಎಂದು ಕೇಳುವಾಗ, ಅದರೊಡನೆಯೇ ‘ಪಾರಣೆಯಲ್ಲಿ ಏನನ್ನು ಉಣ್ಣಲಿ?’ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಲಿ. ಶಕ್ತಿಯನ್ನು ಬಚ್ಚಿಡದೆ, ಶಕ್ತಿಯನ್ನು ಮೀರದೆ, ಎಲ್ಲ ಹಿರಿಯರ ವ್ರತಗಳೂ ನಿರತಿಚಾರವಾಗಿ ಕೊನೆಯವರೆಗೆ ನಡೆಯಲಿ.