ಬಚ್ಚಿಟ್ಟು ಓದಿದ ಪುಸ್ತಕ

ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ (1925–2011) ಶಾಲಾ ವಿದ್ಯಾಭ್ಯಾಸ ನಾಲ್ಕನೆಯ ತರಗತಿಗೆ ಮುಗಿದಿತ್ತು. 'ಪತ್ತೇದಾರ ಪುರುಷೋತ್ತಮನ ಸಾಹಸ'ದಿಂದ ಆರಂಭಿಸಿ ಅವರು ಸುಮಾರು 500 ಕಾದಂಬರಿಗಳನ್ನು ರಚಿಸಿದರು. ಮಕ್ಕಳಿಗೆಂದೇ ಬರೆದವಲ್ಲದಿದ್ದರೂ ಅವುಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ಬಾಲಕರು ಅಸಂಖ್ಯ.

ಅವರನ್ನು ಕುರಿತು ಓದುಗರಲ್ಲಿ ಎರಡು ಮತಗಳಿವೆ. ಕನ್ನಡ ಓದುವ ಅಭ್ಯಾಸ ಹಚ್ಚಿದವರೇ ಅವರೆಂದು ಹಲವರು ಕೃತಜ್ಞತೆಯಿಂದ ನೆನೆಯುತ್ತಾರೆ. ಕೊಲೆ, ಕಳವುಗಳ ಕಥೆ ಎಳೆಯ ಮನಸ್ಸನ್ನು ಕೆಡಿಸುತ್ತದೆಂಬುದು ಇನ್ನು ಕೆಲವರ ಆಕ್ಷೇಪ. ಕೃತಜ್ಞತೆಯೊಂದೇ ಕೃತಿಯ ಯೋಗ್ಯತೆಗೆ ಸಾಕ್ಷಿಯಾಗದು. ಹಾಗೆಯೇ ಓದದೆ ಕೊಟ್ಟ ತೀರ್ಪು ಸತ್ಯವ್ರತಕ್ಕೆ ಒಪ್ಪುವುದಿಲ್ಲ.

ಹತ್ತನೆಯ ಶತಮಾನದ 'ವಡ್ಡಾರಾಧನೆ'ಯ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಅಲ್ಲಿಯೂ ಕಳವಿದೆ, ಕಳ್ಳನನ್ನು ಅರಸುವ ತಳಾರನಿದ್ದಾನೆ. ಆದರೆ ಕಥೆ ಕಳವಿನಲ್ಲಿ ನಿಲ್ಲದೆ ಕಳ್ಳನ ವೈರಾಗ್ಯದವರೆಗೆ ನಡೆಯುತ್ತದೆ. ಪತ್ತೇದಾರಿ ಕಾದಂಬರಿಯಾದರೋ ಸಾಮಾನ್ಯವಾಗಿ ಅಪರಾಧಿ ಸಿಕ್ಕಿದೊಡನೆ ಮುಗಿಯುತ್ತದೆ. ಆದುದರಿಂದ ದೋಷ ಕಥಾವಸ್ತುವಿನಲ್ಲಿಲ್ಲ. ಓದು ಅಲ್ಲಿಗೇ ನಿಂತುಬಿಡುವುದು ಕೊರತೆ.

ಕೆರಾಡಿಯಂತಹ ಹಳ್ಳಿಯ ಮನೆಯೊಂದರಲ್ಲಿ ಬಾಲಕನ ಕೈಯಿಂದ ಪುಸ್ತಕವನ್ನು ಕಸಿದುಕೊಂಡರೆ ಅವನು ಓದುವುದನ್ನು ಬಿಡುವನೆಂಬ ಭರವಸೆಯಿಲ್ಲ, ಬಚ್ಚಿಡುವುದನ್ನಂತೂ ಕಲಿಯುತ್ತಾನೆ. ಕಾದಂಬರಿ ಕಲಿಸದ ಮಾಯಾಕಷಾಯವನ್ನು ಆಗ ನಿಷೇಧವೇ ಕಲಿಸಿದಂತಾಗುತ್ತದೆ.

ತಂದೆತಾಯಿಗಳೂ ಬಸದಿಗಳ ಗ್ರಂಥಭಂಡಾರಗಳೂ ಮಾಡಬೇಕಾದುದು ಕಸಿಯುವ ಕೆಲಸವಲ್ಲ. ಮುಂದಿನ ಪುಸ್ತಕವನ್ನು ಸಕಾಲದಲ್ಲಿ ಕೈಗಿಡುವ ಕೆಲಸ. ಓದಿದ ಮಗುವಿನ ಅಭಿಪ್ರಾಯವನ್ನು ಮೊದಲು ಕೇಳಬೇಕು. ಕಳ್ಳನು ಏಕೆ ಕದ್ದನು, ಅನಂತರ ಅವನೇನಾದನು ಎಂದು ಆ ಮಗುವೇ ಯೋಚಿಸುವಂತಾದರೆ ಹಿರಿಯರ ಆತಂಕಕ್ಕೆ ಕಾರಣವುಳಿಯದು.